ಖಾಲಿಯೆನಿಸುವ ಆವರ್ತನ

ಹವ್ಯಾಸಿ ರೇಡಿಯೋದಲ್ಲಿ ದೂರದ ನಿಲ್ದಾಣಗಳ ಬೆನ್ನು ಹತ್ತಿದ ಹೊಸಬರಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ: ತಮ್ಮ ಕಿವಿಗೆ ಯಾರ ದನಿಯೂ ಬೀಳದಿದ್ದರೆ ಆ ಆವರ್ತನ ಖಾಲಿಯಿದೆ, ಧಾರಾಳವಾಗಿ ಕರೆಯಬಹುದು ಎಂಬುದು. ಡಿಎಕ್ಸ್ (ದೂರದ ನಿಲ್ದಾಣಗಳೊಡನೆ ಸಂಪರ್ಕ) ಶಿಷ್ಟಾಚಾರವೆಂದರೆ ಹಿರಿಯ ಹ್ಯಾಮ್‌ಗಳ ಮಡಿವಂತಿಕೆ ಎಂದು ದೂರುವವರೂ ಇದ್ದಾರೆ. ಆದರೆ ಆ ನಿಯಮಗಳ ಬೇರು ಅಯಾನುಗೋಳದಲ್ಲಿ, ಅಂದರೆ ರೇಡಿಯೋ ಅಲೆಗಳನ್ನು ಬಾಗಿಸುವ ಮೇಲ್ವಾತಾವರಣದ ಪದರಗಳಲ್ಲಿದೆ.

14 ಮೆಗಾಹರ್ಟ್ಸ್ ಅಲೆ ನೆಲದ ಗುಂಟ ಹೆಚ್ಚು ದೂರ ಸಾಗದೆ ಸೊರಗುತ್ತದೆ. ಮೇಲಕ್ಕೇರಿದ ಭಾಗವು ಸುಮಾರು 300 ಕಿಲೋಮೀಟರ್ ಎತ್ತರದಲ್ಲಿರುವ ಅಯಾನುಗೋಳದ ಎಫ್ ಪದರದಲ್ಲಿ ಬಾಗಿ, ನೂರಾರು, ಕೆಲವೊಮ್ಮೆ ಸಾವಿರಕ್ಕೂ ಮಿಕ್ಕಿದ ಕಿಲೋಮೀಟರ್ ಆಚೆ ಇಳಿಯುತ್ತದೆ. ಕೊಳವೆಯಿಂದ ಚಿಮ್ಮಿದ ನೀರು ದೂರದ ಗಿಡವನ್ನು ತೋಯಿಸುವಾಗ ಕಾಲಬುಡದ ಗಿಡ ಒಣಗಿಯೇ ಇರುವಂತೆ, ಕೆರೆಯ ಮೇಲೆ ಬೀಸಿ ಎಸೆದ ಚಪ್ಪಟೆ ಕಲ್ಲು ಎರಡು ಪುಟಿತಗಳ ನಡುವಿನ ನೀರನ್ನು ಮುಟ್ಟದಿರುವಂತೆ, ನಡುವೆ ಒಂದು ಮೂಕ ವಲಯ ಉಳಿಯುತ್ತದೆ. 1920ರ ದಶಕದಲ್ಲಿ ಸಣ್ಣ ತರಂಗಾಂತರಗಳ ಬಳಕೆ ಹೆಚ್ಚಿದಂತೆ ಈ ವಿಚಿತ್ರ ಗಮನಕ್ಕೆ ಬಂತು. 1926ರಲ್ಲಿ ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದ ಟೇಲರ್ ಮತ್ತು ಹಲ್ಬರ್ಟ್ ಅದಕ್ಕೆ ಸೈದ್ಧಾಂತಿಕ ವಿವರಣೆ ನೀಡಿದರು. ಆದ್ದರಿಂದ ಒಂದೇ ಪ್ರದೇಶದ ನೂರಾರು ಮಂದಿ ದೂರದ ದ್ವೀಪವೊಂದರ ನಿಲ್ದಾಣವನ್ನು ಒಟ್ಟಿಗೆ ಕೂಗುತ್ತಿದ್ದರೂ ಅವರಲ್ಲಿ ಬಹುಪಾಲು ಜನರಿಗೆ ಪರಸ್ಪರರ ದನಿ ಕೇಳಿಸುವುದಿಲ್ಲ. ಆ ದ್ವೀಪದಲ್ಲಿ ಕುಳಿತವನ ಕಿವಿಗೆ ಮಾತ್ರ ಅಷ್ಟೂ ದನಿಗಳು ರಾಶಿಯಾಗಿ ಬೀಳುತ್ತವೆ.

ಆ ರಾಶಿ ದ್ವೀಪದವನು ಮಾತನಾಡುವ ಆವರ್ತನದಲ್ಲೇ ಬಿದ್ದರೆ ಅವನ ಉತ್ತರವೂ ಅದರಡಿಯಲ್ಲಿ ಹೂತುಹೋಗುತ್ತದೆ. ಅದಕ್ಕಾಗಿಯೇ ಆತ ಒಂದು ಆವರ್ತನದಲ್ಲಿ ಮಾತನಾಡಿ, ಅದಕ್ಕಿಂತ ಐದು ಕಿಲೋಹರ್ಟ್ಸ್ ಅಥವಾ ಇನ್ನೂ ಹೆಚ್ಚು ಮೇಲೆ ಆಲಿಸುತ್ತಾನೆ. ಮಾತಿನ ಸಂಕೇತ ಮೂರು ಕಿಲೋಹರ್ಟ್ಸ್‌ಗಿಂತ ಕಡಿಮೆ ಜಾಗ ಹಿಡಿಯುವುದರಿಂದ ಅಷ್ಟು ಅಂತರ ಸಾಕು. ಈ ‘ಸ್ಪ್ಲಿಟ್’ ಪದ್ಧತಿ ಈಚಿನದಲ್ಲ. ಪ್ರೇಷಕಗಳು ಆವರ್ತನವನ್ನು ನಿಗದಿಪಡಿಸುವ ಸ್ಫಟಿಕಕ್ಕೆ ಕಟ್ಟುಬಿದ್ದಿದ್ದ ಕಾಲದಲ್ಲಿ ಪ್ರತಿಯೊಬ್ಬನೂ ತನ್ನ ಸ್ಫಟಿಕದ ಆವರ್ತನದಲ್ಲೇ ಉತ್ತರಿಸುತ್ತಿದ್ದ, ಕರೆದವನು ಬ್ಯಾಂಡಿನುದ್ದಕ್ಕೂ ಹುಡುಕುತ್ತಿದ್ದ. ತಿಳಿಯದೆ ದ್ವೀಪದವನ ಆವರ್ತನದಲ್ಲೇ ಕರೆಯುವವನಿಗಿಂತ, ಅವನನ್ನು ತಿದ್ದಲು ಅದೇ ಜಾಗದಲ್ಲಿ ‘ಅಪ್, ಅಪ್’ (ಮೇಲಿನ ಆವರ್ತನಕ್ಕೆ ಹೋಗು) ಎಂದು ಅರಚುವವರು ಹೆಚ್ಚು ಹಾನಿ ಮಾಡುತ್ತಾರೆ ಎಂಬುದು ನನ್ನ ದೃಢ ಅಭಿಪ್ರಾಯ.

ಹೆಚ್ಚು ಶಕ್ತಿಯಿದ್ದರೆ ಗೆಲುವು ಖಚಿತ ಎಂಬ ನಂಬಿಕೆಯೂ ಟೊಳ್ಳು. 100 ವ್ಯಾಟ್ 1000 ಆದಾಗ ಸಿಗುವುದು 10 ಡೆಸಿಬೆಲ್, ಅಂದರೆ ಸಂಕೇತದ ಬಲವನ್ನು ಅಳೆಯುವ, ತಲಾ 6 ಡೆಸಿಬೆಲ್‌ನ ಎರಡು ಎಸ್‌-ಮಾನಗಳಿಗಿಂತಲೂ ಕಡಿಮೆ. ಹಿಂದಿನ ಸಂಪರ್ಕ ಮುಗಿದ ಕ್ಷಣ ಹಿಡಿದು, ಪೂರ್ಣ ಕರೆಸಂಕೇತವನ್ನು (ತನ್ನ ನಿಲ್ದಾಣದ ಗುರುತಿನ ಅಕ್ಷರ-ಅಂಕಿಗಳನ್ನು) ಒಮ್ಮೆ ಸ್ಪಷ್ಟವಾಗಿ ಹೇಳಿ ಕಿವಿಗೊಡುವುದು ಇದಕ್ಕಿಂತ ಹೆಚ್ಚು ಫಲ ನೀಡುತ್ತದೆ. ದ್ವೀಪದವನು ಎರಡೇ ಅಕ್ಷರ ಹಿಡಿದು ‘ಇನ್ನೊಮ್ಮೆ ಹೇಳಿ’ ಎಂದಾಗ, ಆ ಅಕ್ಷರಗಳಿಲ್ಲದವರು ಸಂಪೂರ್ಣ ಸುಮ್ಮನಿರಬೇಕು. ಆಗ ಉತ್ತರಿಸುತ್ತಿರುವವನು ನಮ್ಮ ಮೂಕ ವಲಯದೊಳಗಿದ್ದರೆ, ಅವನು ಮಾತನಾಡುತ್ತಿದ್ದಾನೆಂಬುದೇ ನಮಗೆ ಗೊತ್ತಾಗುವುದಿಲ್ಲ.