ಲಿಥಿಯಮ್ ಲೋಹಕ್ಕೆ ಪಾಲಿಮರ್ ಲೇಪ

ತೀರ್ಥಹಳ್ಳಿ, ಹೊಸನಗರದ ಕಡೆ ಸೋಲಾರ್ ಜೋಡಿಸಲು ಹೋದಲ್ಲೆಲ್ಲ ಈಗ ಕೇಳುತ್ತಾರೆ: ‘ಲಿಥಿಯಮ್ ಲೋಹದ ಬ್ಯಾಟರಿ ಬರುತ್ತದಂತೆ, ಕಾಯೋಣವೇ?’ ಮನೆಯ ಇನ್ವರ್ಟರಿಗಾದರೆ ಕಾಯಬೇಡಿ ಎನ್ನುತ್ತೇನೆ. ಮೂಲೆಯಲ್ಲಿ ಕೂರುವ ಬ್ಯಾಟರಿಯ ತೂಕ ಕಟ್ಟಿಕೊಂಡು ಏನಾಗಬೇಕು? ಈಗ ಸಿಗುವ ಲಿಥಿಯಮ್ ಐರನ್ ಫಾಸ್ಫೇಟ್ ಬ್ಯಾಟರಿ ಧಾರಾಳ ಸಾಕು. ಆಗುಂಬೆ ಘಾಟಿ ಹತ್ತುವ ಸ್ಕೂಟರಿನ ಮಾತು ಬೇರೆ.

ಇಂದಿನ ಬ್ಯಾಟರಿಗಳ ಋಣಧ್ರುವದ ಗ್ರಾಫೈಟ್ ಗ್ರಾಂಗೆ 372 ಮಿಲಿಆಂಪ್-ಗಂಟೆ ಹಿಡಿದರೆ, ಲಿಥಿಯಮ್ ಲೋಹ ಹಿಡಿಯುವುದು 3,860. ಆದರೆ ಚಾರ್ಜ್ ಆಗುವಾಗ ಲೋಹ ಸಮನಾಗಿ ಕೂರುವುದಿಲ್ಲ. ಉಬ್ಬಿದ ಕಡೆಗೇ ಮತ್ತಷ್ಟು ಅಯಾನುಗಳು (ವಿದ್ಯುದಾವೇಶ ಹೊತ್ತ ಲಿಥಿಯಮ್ ಕಣಗಳು) ನುಗ್ಗಿ ಸೂಜಿಯಂಥ ಡೆಂಡ್ರೈಟ್‌ಗಳು ಬೆಳೆಯುತ್ತವೆ. ಅವು ನಡುವಿನ ಪೊರೆ ತೂರಿ ಧನಧ್ರುವ ಮುಟ್ಟಿದರೆ ಶಾರ್ಟ್ ಆಗಿ, ಒಳಗಿನ ದ್ರಾವಣಕ್ಕೆ ಬೆಂಕಿ ತಗಲಬಹುದು. ಕೆನಡಾದ ಮೋಲಿ ಎನರ್ಜಿ 1989ರಲ್ಲಿ ತನ್ನ ಲೋಹದ ಬ್ಯಾಟರಿಗಳನ್ನು ಹಿಂಪಡೆದದ್ದು ಬೆಂಕಿಯ ಕಾರಣಕ್ಕೇ. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲಿಥಿಯಮ್ ಅಯಾನ್ ಬ್ಯಾಟರಿಯಲ್ಲಿ ಲೋಹದ ಧ್ರುವವೇ ಇರಲಿಲ್ಲ.

ಲೋಹದ ಮೇಲೆ ಬಳಿಯುವ ಪಾಲಿಮರ್ ಲೇಪ, ಅಂದರೆ ಪ್ಲಾಸ್ಟಿಕ್‌ನಂಥ ತೆಳು ಪದರ, ಈ ಹಳೆಯ ತೊಡಕಿಗೆ ಕೈಹಾಕುತ್ತದೆ. ಅಡಿಕೆ ಗೊನೆಗೆ ಬೋರ್ಡೋ ಹೊಡೆಯುವಾಗ ರಾಳ ಸೇರಿಸುವವರಿಗೆ ಇದು ಬೇಗ ಅರ್ಥವಾಗುತ್ತದೆ: ಔಷಧವಿದ್ದರೆ ಸಾಲದು, ಅದು ಅಂಟಿ ನಿಲ್ಲಬೇಕು. ಈ ಲೇಪಕ್ಕಂತೂ ಬೇಡಿಕೆಗಳು ಇನ್ನೂ ಕಠಿಣ. ಲಿಥಿಯಮ್ ಅಯಾನುಗಳನ್ನು ಎಲ್ಲ ಕಡೆ ಸಮನಾಗಿ ಒಳಬಿಡಬೇಕು, ಎಲೆಕ್ಟ್ರಾನುಗಳನ್ನು ತಡೆಯಬೇಕು, ದ್ರಾವಣ ಲೋಹವನ್ನು ತಿನ್ನದಂತೆ ಕಾಯಬೇಕು. ಪ್ರತಿ ಚಾರ್ಜಿಗೂ ಲೋಹ ಹಿಗ್ಗಿ ಕುಗ್ಗುವುದರಿಂದ ಬರೀ ಗಟ್ಟಿಯಾದ ಪದರ ಬಿರುಕುಬಿಡುತ್ತದೆ. ಬಿರುಕೇ ಡೆಂಡ್ರೈಟ್‌ಗೆ ದಾರಿ. ಹರಿದಲ್ಲಿ ತಾನೇ ಕೂಡಿಕೊಳ್ಳುವ ಪಾಲಿಮರ್‌ಗಳ ಮೇಲೆ ನನಗೆ ಹೆಚ್ಚು ಭರವಸೆ ಇರುವುದು ಅದಕ್ಕೇ. ಲೇಪ ದಪ್ಪವಾದರೂ ಕಷ್ಟ: ಅಯಾನುಗಳ ಓಡಾಟ ನಿಧಾನವಾಗಿ ಚಾರ್ಜಿಂಗ್ ತಡವಾಗುತ್ತದೆ.

ಬಾಳಿಕೆಯ ಲೆಕ್ಕ ನಿರ್ದಯವಾದದ್ದು. ಚಾರ್ಜ್ ಆಗಿ ಖಾಲಿಯಾಗುವ ಪ್ರತಿ ಸುತ್ತಿನಲ್ಲಿ ಶೇ 99ರಷ್ಟು ಲಿಥಿಯಮ್ ಮರಳಿದರೆ ಕೇಳಲು ಚೆನ್ನ; ನೂರು ಸುತ್ತು ಕಳೆದಾಗ ಉಳಿಯುವುದು ಸುಮಾರು ಶೇ 37 ಮಾತ್ರ. ಶೇ 99.9 ಮರಳಿದರೆ ಶೇ 90 ಉಳಿಯುತ್ತದೆ. ಹೊಸ ಲೇಪದ ಸುದ್ದಿ ಬಂದಾಗ ನಾನು ಮೊದಲು ಹುಡುಕುವುದು ಈ ಅಂಕಿಯನ್ನು. ಆಮೇಲೆ, ಪರೀಕ್ಷೆಗೆ ಬಳಸಿದ ಲಿಥಿಯಮ್ ಹಾಳೆ ಎಷ್ಟು ದಪ್ಪ, ದ್ರಾವಣ ಎಷ್ಟು ಎಂದು ನೋಡುತ್ತೇನೆ. ಎರಡನ್ನೂ ಧಾರಾಳವಾಗಿ ಸುರಿದರೆ ನಷ್ಟ ಬಹುಕಾಲ ಕಣ್ಣಿಗೆ ಬೀಳುವುದಿಲ್ಲ. ಸ್ಕೂಟರಿನ ಬ್ಯಾಟರಿಯಲ್ಲಿ ಅಷ್ಟು ಸುರಿಯಲು ಜಾಗವಿರುವುದಿಲ್ಲ.