ಇಂಟರ್‌ನ್ಯಾಷನಲ್ ಲೈಸೆನ್ಸ್ ಇದ್ರೆ ಒಂದ್ ವರ್ಷ ಯೋಚ್ನೆ ಇಲ್ಲ ಅಲ್ವಾ ಸಾರ್?

ಪ್ರಶ್ನೆ: ಮಗ ಎಂ.ಎಸ್. ಮಾಡಕ್ಕೆ ಜರ್ಮನಿಗೆ ಹೋಗ್ತಿದ್ದಾನೆ. ಹಾಸನ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಲೈಸೆನ್ಸ್ ಮಾಡ್ಸಿದೀವಿ, ಒಂದ್ ವರ್ಷ ವ್ಯಾಲಿಡಿಟಿ ಇದೆ. ಅಲ್ಲೀವರ್ಗೂ ಕಾರ್ ಓಡಿಸ್ಬೋದು ತಾನೆ?

ಇಲ್ಲ. ಈ ಪ್ರಶ್ನೆ ಎಷ್ಟ್ ಸಲ ಬಂದಿದೆ ಅಂದ್ರೆ, ನನ್ ಫೋನ್ ರಿಂಗಾದ್ರೆ ನಮ್ಮವಳು ಅಡುಗೆಮನೆಯಿಂದ್ಲೇ "ಜರ್ಮನಿನಾ, ಕೆನಡಾನಾ?" ಅಂತ ಕೇಳ್ತಾಳೆ. ಡ್ರೈವಿಂಗ್ ಸ್ಕೂಲ್ ಇಟ್ಕೊಂಡಿರೋದು ಕ್ಲಚ್ ಬಿಡೋದು ಹೇಳ್ಕೊಡಕ್ಕೆ, ಆದ್ರೂ ಸರಿ, ಇನ್ನೊಂದ್ ಸಲ ಹೇಳ್ತೀನಿ.

ಮೊದ್ಲು ಆ ಹೆಸರು ಬಿಡಿ. ಆರ್‌ಟಿಓ ಕೊಡೋದು ಲೈಸೆನ್ಸ್ ಅಲ್ಲ, ಪರ್ಮಿಟ್. ಐಡಿಪಿ ಅಂತಾರೆ, ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್. ಫಾರಂ 4ಎ ತುಂಬಿ 1000 ರೂಪಾಯಿ ಫೀಸ್ ಕಟ್ಟಿದ್ರೆ ಸಿಗೋ ಪೇಪರ್ ಬುಕ್‌ಲೆಟ್ಟು (ಮೊನ್ನೆ ಒಬ್ರು ಬ್ರೋಕರ್‌ಗೆ ಆರು ಸಾವ್ರ ಕೊಟ್ಟು ಬಂದು ಖುಷಿಯಾಗಿ ತೋರಿಸಿದ್ರು, ಏನ್ ಹೇಳೋದು). ಅದ್ರೊಳಗೆ ಇರೋದು ನಿಮ್ ಡಿಎಲ್‌ನಲ್ಲಿರೋ ವಿಷ್ಯಾನೇ, ಬೇರೆ ಬೇರೆ ಭಾಷೇಲಿ, ಅಷ್ಟೇ. ಒರಿಜಿನಲ್ ಡಿಎಲ್ ಕೈಲಿಲ್ದೆ ಅದೊಂದನ್ನೇ ತೋರ್ಸೋದು ಪಹಣಿ ಜೆರಾಕ್ಸ್ ಹಿಡ್ಕೊಂಡು ಜಮೀನು ನಂದೇ ಅಂದಂಗೆ. ಡಿಜಿಲಾಕರ್‌ನಲ್ಲಿ ಇದೆ ಸಾರ್ ಅಂತೀರ, ಅದು ಇಲ್ಲಿ ಪೊಲೀಸ್ರಿಗೆ ನಡೆಯುತ್ತೆ, ಅಲ್ಲಿನೋರಿಗೆ ಡಿಜಿಲಾಕರ್ ಅಂದ್ರೆ ಏನು ಅಂತ್ಲೇ ಗೊತ್ತಿಲ್ಲ, ಕಾರ್ಡ್ ತಗೊಂಡ್ ಹೋಗಿ.

ಈಗ ಆ ಒಂದ್ ವರ್ಷದ ಕಥೆ. ಬುಕ್‌ಲೆಟ್ ಮೇಲಿರೋ ಒಂದ್ ವರ್ಷ ಆ ಬುಕ್‌ಲೆಟ್ಟಿನ ಆಯಸ್ಸು, ಅದಕ್ಕೂ ಮುಂಚೆ ನಿಮ್ ಡಿಎಲ್ ಮುಗಿದ್ರೆ ಇದೂ ಅವತ್ತೇ ಮುಗೀತು. ಅವ್ರ ದೇಶದಲ್ಲಿ ಎಷ್ಟ್ ದಿನ ಓಡಿಸ್ಬೋದು ಅನ್ನೋದು ಅವ್ರ ಕಾನೂನು, ನಮ್ ಆರ್‌ಟಿಓ ಸೀಲಿಗೂ ಅದಕ್ಕೂ ಸಂಬಂಧ ಇಲ್ಲ. ನಮ್ ಐಡಿಪಿ 1949ರ ಜಿನೀವಾ ಒಪ್ಪಂದದ ಪ್ರಕಾರದ್ದು, ಅದು ಬಂದು ಹೋಗೋರಿಗೆ ಅಂತ ಇರೋದು, ಮನೆ ಮಾಡ್ಕೊಂಡ್ ಕೂರೋರಿಗಲ್ಲ. ಜರ್ಮನೀಲಿ ನೆಲೆ ನಿಂತ ಮೇಲೆ ನಮ್ ಲೈಸೆನ್ಸ್ ನಡೆಯೋದು 6 ತಿಂಗಳು. ಅದಾದ್ಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸ್ ಮಾಡ್ಬೇಕು, ಕಣ್ ಟೆಸ್ಟು, ಫಸ್ಟ್ ಏಯ್ಡ್ ಕೋರ್ಸು ಬೇರೆ. ಏಳನೇ ತಿಂಗಳು ಬುಕ್‌ಲೆಟ್ ತೋರಿಸಿ "ಇನ್ನೂ ಡೇಟ್ ಇದೆ" ಅಂದ್ರೆ ಲೈಸೆನ್ಸ್ ಇಲ್ದೆ ಓಡಿಸಿದ ಲೆಕ್ಕ, ಅಲ್ಲಿ ಅದು ಫೈನ್ ಕಟ್ಟಿ ಬರೋ ವಿಷ್ಯ ಅಲ್ಲ, ಕ್ರಿಮಿನಲ್ ಕೇಸು. ಬ್ರಿಟನ್‌ನಲ್ಲಿ 12 ತಿಂಗಳು, ಆಮೇಲೆ ಅಲ್ಲೂ ಪ್ರೊವಿಷನಲ್ ಲೈಸೆನ್ಸ್‌ನಿಂದ (ನಮ್ ಎಲ್‌ಎಲ್ ಇದ್ದಂಗೆ) ಶುರು. ದುಬೈಗೆ ಟೂರ್ ಹೋದ್ರೆ ಐಡಿಪಿ ನಡೆಯುತ್ತೆ, ಕೆಲ್ಸ ಸಿಕ್ಕಿ ರೆಸಿಡೆನ್ಸ್ ವೀಸಾ ಬಂತೋ, ಅಲ್ಲಿಂದ ನಡೆಯಲ್ಲ. ಕ್ಯಾಲಿಫೋರ್ನಿಯಾದಲ್ಲಿ ರೆಸಿಡೆಂಟ್ ಆದ್ರೆ 10 ದಿನದೊಳಗೆ ಅವ್ರ ಲೈಸೆನ್ಸಿಗೆ ಹಾಕ್ಬೇಕು. ಚೀನಾ ಅಂತೂ ಐಡಿಪಿ ಒಪ್ಪೋದೇ ಇಲ್ಲ. ಪ್ರಪಂಚದಲ್ಲಿ ಎಲ್ ಬೇಕಾದ್ರೂ ನಡೆಯುತ್ತೆ ಅಂತ ಹೇಳಿದೋರು ಯಾರು ಅಂತ ಕೇಳಿದ್ರೆ ಎಲ್ರೂ "ನಮ್ ಭಾವನ ಫ್ರೆಂಡು" ಅಂತಾರೆ. ಆ ಭಾವನ ಫ್ರೆಂಡ್ ಒಂದ್ ಸಲ ನಂಗೆ ಸಿಗ್ಬೇಕು.

ಟೆಸ್ಟ್ ಸುಲಭಾನಾ? ನಮ್ ಹುಡುಗ್ರು ಬಿಕ್ಕೋಡ್ ರೋಡಲ್ಲಿ ಓಡಿಸ್ದೋರು, ಗೇರ್ ಸ್ಟೇರಿಂಗ್ ಎಲ್ಲಾ ಚೆನ್ನಾಗೇ ಬರುತ್ತೆ, ಎಡವೋದು ಬೇರೆ ಕಡೆ. ಜರ್ಮನೀಲಿರೋ ಮಗಳ ಊರಿಗೆ ಹೋಗಿದ್ದೆ, ಕಾರ್ ಅವಳೇ ಓಡಿಸ್ತಿದ್ಳು, ಒಂದ್ ಸಣ್ ಬೀದಿ, ಬೋರ್ಡಿಲ್ಲ ಸಿಗ್ನಲ್ಲಿಲ್ಲ, ನಾವು ಬರ್ತಿದ್ದಿದ್ದೇ ದೊಡ್ ರೋಡ್ ಅಂತ ನಾನ್ ಅಂದ್ಕೊಂಡಿದ್ದೆ. ಇವಳು ಟಕ್ ಅಂತ ನಿಲ್ಸಿದ್ಳು. ಬಲಗಡೆ ಗಲ್ಲಿಯಿಂದ ಒಂದ್ ಅಜ್ಜಿ ಪುಟ್ಟ ಕಾರಲ್ಲಿ, ನಮ್ ಕಡೆ ತಿರುಗೂ ನೋಡ್ದೆ, ಆರಾಮಾಗಿ ಹೋದ್ರು. "ಅಪ್ಪ, ಬಲಗಡೆಯಿಂದ ಬರೋರದ್ದೇ ಮೊದ್ಲು" ಅಂದ್ಳು. ನಂಗೆ ನಾಚಿಕೆ ಆಯ್ತು, ಯಾಕಂದ್ರೆ ಕಂಟ್ರೋಲ್ ಇಲ್ಲದ ಜಂಕ್ಷನ್‌ನಲ್ಲಿ ಬಲಗಡೆಯೋರಿಗೆ ದಾರಿ ಬಿಡ್ಬೇಕು ಅನ್ನೋದು ನಮ್ ದೇಶದ ರೂಲ್ ಪುಸ್ತಕದಲ್ಲೂ ಇದೆ, ನಾನೇ ಬೋರ್ಡ್ ಮೇಲೆ ಬರ್ದು ಕಲಿಸ್ತೀನಿ. ಎನ್.ಆರ್. ಸರ್ಕಲ್‌ನಲ್ಲಿ ಮಾತ್ರ ಯಾರ ಹಾರ್ನ್ ಜೋರೋ ಅವ್ರದ್ದೇ ಬಲಗಡೆ.

ಅಂದಹಾಗೆ ಯಾರೂ ಕೇಳದ ಒಂದ್ ವಿಷ್ಯ, ಬಾಣಂತನಕ್ಕೆ ಹೋಗೋ ಅಪ್ಪ ಅಮ್ಮಂದಿರಿಗೆ. ಮಕ್ಳು ಆಫೀಸಿಗೆ ಹೋದ್ಮೇಲೆ ನೀವು ಬಸ್ಸು ಟ್ರಾಮು ಕಲೀಲೇಬೇಕು. ಜರ್ಮನಿ ಸ್ಟೇಷನ್‌ಗಳಲ್ಲಿ ನಮ್ ಮೆಟ್ರೋ ತರ ಗೇಟ್ ಇರಲ್ಲ, ಫ್ರೀ ಅಂದ್ಕೋಬೇಡಿ, ಚೆಕ್ಕಿಂಗ್ ಬಂದ್ರೆ 60 ಯೂರೋ. ಎಷ್ಟೋ ಊರಲ್ಲಿ ಟಿಕೆಟ್ ತಗೊಂಡ್ರೆ ಸಾಲ್ದು, ಮಿಷಿನ್‌ಗೆ ತೂರ್ಸಿ ಸೀಲ್ ಹಾಕ್ಸ್ಬೇಕು, ಇಲ್ಲಾಂದ್ರೆ ಟಿಕೆಟ್ ಇಲ್ದಂಗೇನೇ. ಓಡಾಟ ಜಾಸ್ತಿ ಇದ್ರೆ ಡಾಯ್ಚ್‌ಲಾಂಡ್ ಟಿಕೆಟ್ ಅನ್ನೋ ತಿಂಗಳ ಪಾಸ್ ಒಳ್ಳೇದು, 2023ರಲ್ಲಿ ತಿಂಗಳಿಗೆ 49 ಯೂರೋ ಇತ್ತು, ಆಮೇಲೆ ಏರಿದೆ, ಊರಿನ ಬಸ್ಸು, ಟ್ರಾಮು, ಲೋಕಲ್ ರೈಲಿಗೆಲ್ಲಾ ಆಗುತ್ತೆ, ಐಸಿಇ ತರದ ಫಾಸ್ಟ್ ರೈಲಿಗೆ ಆಗಲ್ಲ. ಅದು ತಾನಾಗೇ ಮುಂದಿನ ತಿಂಗಳಿಗೆ ಹೋಗುತ್ತೆ, ಬೇಡ ಅಂದ್ರೆ 10ನೇ ತಾರೀಖಿನೊಳಗೆ ಕ್ಯಾನ್ಸಲ್ ಮಾಡಿ. ನಮ್ಮವಳು ಮೊದಲ್ನೇ ದಿನ ಟ್ರಾಮಲ್ಲಿ ಕೂತು ಪರ್ಸಿಂದ ಆಧಾರ್ ಕಾರ್ಡ್ ತೆಗ್ದು ಕೈಲಿ ಹಿಡ್ಕೊಂಡಿದ್ಳು, ಕಂಡಕ್ಟರ್ ಬಂದು ಜೀರೋ ಟಿಕೆಟ್ ಹರೀತಾನೆ ಅಂತ.