ಸ್ವಲ್ಪ ಸ್ಪಾಟಿಂಗ್ ಅಷ್ಟೇ, ಹೆದರ್ಬೇಡಮ್ಮ

ಆಕೆ ಬ್ಯಾಗಿನಿಂದ ಗೋಡೆ ಕ್ಯಾಲೆಂಡರಿನ ಎರಡು ಹಾಳೆ ತೆಗೆದು ನನ್ನ ಮೇಜಿನ ಮೇಲೆ ಹಾಸಿದಳು. ಏಕಾದಶಿ, ಸಂಕಷ್ಟಿ, ರಾಹುಕಾಲಗಳ ನಡುವೆ ಕೆಂಪು ಪೆನ್ನಿನ ಚುಕ್ಕಿಗಳು. ಎಣಿಸಿದೆ. ಮೊದಲ ಹಾಳೆಯಲ್ಲಿ 9, ಎರಡನೆಯದರಲ್ಲಿ 14. ಎರಡು ತಿಂಗಳ ಹಿಂದೆ ಅಂತರಾ ಎಂಬ ಗರ್ಭನಿರೋಧಕ ಚುಚ್ಚುಮದ್ದು ಕೊಟ್ಟು ಕಳಿಸುವಾಗ ನಾನು ಹೇಳಿದ್ದ ಮಾತೇ ಈ ಲೇಖನದ ತಲೆಬರಹ.

ರಕ್ತ ಪರೀಕ್ಷೆ ನೋಡಿದೆ, ಹಿಮೋಗ್ಲೋಬಿನ್ ಮೊದಲಿಗಿಂತ ಇಳಿದಿರಲಿಲ್ಲ. ಕೇಳಿದರೆ ದಿನಕ್ಕೆ ಒಂದು ಪ್ಯಾಡೂ ತುಂಬುತ್ತಿಲ್ಲ. ಗರ್ಭ ನಿಂತಿಲ್ಲ, ಸೋಂಕಿಲ್ಲ. ವೈದ್ಯಕೀಯ ಲೆಕ್ಕದಲ್ಲಿ ಇದು ಅತಿ ಸಣ್ಣ ದೂರು. 'ಮತ್ತೇನಮ್ಮ ತೊಂದರೆ?' ಎಂದೆ. ಆಕೆ ದನಿ ತಗ್ಗಿಸಿ ಹೇಳಿದಳು: 'ನಮ್ಮನೇಲಿ ಹೊರಗಾದ್ರೆ ಒಳಗೆ ಸೇರ್ಸಲ್ಲ ಮೇಡಂ. ಇಪ್ಪತ್ಮೂರು ದಿನ ಹಜಾರದಲ್ಲೇ ಮಲಗಿದೀನಿ. ಮಗೂಗೆ ಹಾಲು ಕುಡಿಸೋಕೆ ಅತ್ತೆ ತಂದುಕೊಡ್ತಾರೆ. ವಾಪಸ್ ಎತ್ಕೊಂಡು ಹೋಗಿ ಅದರ ಬಟ್ಟೆ ಬದಲಾಯಿಸ್ತಾರೆ.'

ಆ ಆಚರಣೆಯ ಬಗ್ಗೆ ನನ್ನ ಅಭಿಪ್ರಾಯ ಏನೇ ಇರಲಿ, ಅದು ಅಳಿದ ಮೇಲೆ ಗರ್ಭನಿರೋಧಕದ ಮಾತಾಡೋಣ ಎಂದು ಕೂರಲಾಗದು. ನನಗೆ 'ಸ್ವಲ್ಪ'ವಾಗಿದ್ದದ್ದು ಆಕೆಗೆ ಇಪ್ಪತ್ತಮೂರು ರಾತ್ರಿಗಳಾಗಿದ್ದವು. ಸೂಜಿ ಚುಚ್ಚುವ ಮುನ್ನ ಎರಡು ನಿಮಿಷ ಕೂರಿಸಿ ಕೇಳಿದ್ದರೆ ಇದು ಅಂದೇ ಗೊತ್ತಾಗುತ್ತಿತ್ತು. ಕೇಳಿರಲಿಲ್ಲ.

ಅಂತರಾದಲ್ಲಿರುವುದು ಪ್ರೊಜೆಸ್ಟಿನ್ ಗುಂಪಿನ ಒಂದೇ ಹಾರ್ಮೋನು, 150 ಮಿಲಿಗ್ರಾಂ. ಮೂರು ತಿಂಗಳಿಗೊಮ್ಮೆ. 2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಅಂಡಾಣು ಬಿಡುಗಡೆಯನ್ನು ತಡೆಯುವುದು ಅದರ ಮುಖ್ಯ ಕೆಲಸ. ಜತೆಗೆ ಗರ್ಭಕೋಶದ ಒಳಪದರವನ್ನೂ ತೆಳುವಾಗಿಸುತ್ತದೆ. ತೆಳುವಾದ ಪದರದ ರಕ್ತನಾಳಗಳು ದುರ್ಬಲ, ಎಲ್ಲೆಂದರಲ್ಲಿ ಸೋರುತ್ತವೆ. ಹೀಗಾಗಿ ಮೊದಲ ಎರಡು ಸೂಜಿಗಳ ಕಾಲದಲ್ಲಿ ಹೊತ್ತುಗೊತ್ತಿಲ್ಲದ ಕಲೆ. ಆಮೇಲೆ ಸೋರುವುದಕ್ಕೂ ಏನೂ ಉಳಿಯುವುದಿಲ್ಲ. ವರ್ಷ ಮುಗಿಯುವ ಹೊತ್ತಿಗೆ ಸುಮಾರು ಅರ್ಧದಷ್ಟು ಹೆಂಗಸರಿಗೆ ಮುಟ್ಟೇ ನಿಂತಿರುತ್ತದೆ.

ನಿಂತಾಗ ಇನ್ನೊಂದು ಭಯ ಶುರು: ಕೆಟ್ಟ ರಕ್ತ ಒಳಗೇ ಉಳಿದು ಗಡ್ಡೆಯಾಗುತ್ತದೆ ಎಂದು. ಇದನ್ನು ಬಿಡಿಸಿ ಹೇಳಲು ನಾನು ವರ್ಷಗಟ್ಟಲೆ ಚಿತ್ರ ಬರೆದು ಸೋತಿದ್ದೆ. ನಮ್ಮ ಆಶಾ ಕಾರ್ಯಕರ್ತೆಯೊಬ್ಬರು ಒಂದೇ ಸಾಲಿನಲ್ಲಿ ಮುಗಿಸಿದರು: 'ನಾಟಿನೇ ಹಾಕದ ಗದ್ದೇಲಿ ಕೊಯ್ಲು ಎಲ್ಲಿಂದ ಬರ್ತದವ್ವ?' ಪದರ ಬೆಳೆದಿಲ್ಲ, ಹಾಗಾಗಿ ಹೊರಹೋಗಲು ಏನೂ ಇಲ್ಲ. ಈಗ ನಾನೂ ಅದನ್ನೇ ಹೇಳುತ್ತೇನೆ, ಅವರ ಹೆಸರಿನಲ್ಲೇ.

ಮುಂಚೆಯೇ ಹೇಳಬೇಕಾದ ಇನ್ನೊಂದು ವಿಷಯವಿದೆ. ಸೂಜಿ ಬಿಟ್ಟ ತಿಂಗಳೇ ಗರ್ಭ ನಿಲ್ಲುವುದಿಲ್ಲ. ಕೊನೆಯ ಸೂಜಿಯಿಂದ ಲೆಕ್ಕ ಹಾಕಿದರೆ ಸರಾಸರಿ 7ರಿಂದ 10 ತಿಂಗಳು ಬೇಕು. ಬಂಜೆತನವೇನೂ ಬರುವುದಿಲ್ಲ, ಬರೀ ತಡ. ಆದರೆ ಆ ತಡದ ಒಂದೊಂದು ತಿಂಗಳೂ 'ಆ ಸೂಜಿ ಹಾಕಿಸ್ಕೊಂಡು ಹಾಳಾದ್ಲು' ಎಂಬ ಮಾತು ಮನೆಯಲ್ಲಿ ಓಡಾಡುತ್ತಿರುತ್ತದೆ. ತೂಕ ಏರಬಹುದು, ಮೂಳೆಯ ಸಾಂದ್ರತೆ ಕೊಂಚ ಇಳಿದು ಬಿಟ್ಟ ಮೇಲೆ ಚೇತರಿಸಿಕೊಳ್ಳುತ್ತದೆ. ಇವನ್ನೂ ಹೇಳಬೇಕು. ರಕ್ತದ ಕಲೆ ತುಂಬಾ ಕಾಡಿದರೆ ಐದು ದಿನದ ಮೆಫೆನಮಿಕ್ ಆಸಿಡ್ ಕೆಲವರಿಗೆ ತಾತ್ಕಾಲಿಕವಾಗಿ ನೆರವಾಗುತ್ತದೆ. ಎಲ್ಲರಿಗೂ ಅಲ್ಲ.

ಅಂದು ಆಕೆಯ ಅತ್ತೆಯೂ ಬಂದಿದ್ದರು. 'ಈ ಹಾರ್ಮೋನ್ ಗೀರ್ಮೋನ್ ದೇಹಕ್ಕೆ ಒಳ್ಳೇದಲ್ಲ ಡಾಕ್ಟ್ರೇ' ಎಂದರು. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, 'ವರಮಹಾಲಕ್ಷ್ಮಿಗೆ ಸರಿಯಾಗಿ ದೊಡ್ಡ ಸೊಸೆ ಡೇಟ್ ಬೀಳುತ್ತೆ, ಮುಂದಕ್ಕೆ ಹಾಕೋ ಮಾತ್ರೆ ಬರ್ಕೊಡಿ' ಎಂದರು!

ನಗು ಬಂದರೂ ಇದು ನಗುವ ವಿಷಯವಲ್ಲ. ಹಬ್ಬಕ್ಕೆ, ಮದುವೆಗೆ, ತಿರುಪತಿ ಪ್ರಯಾಣಕ್ಕೆ ನಮ್ಮ ಹೆಂಗಸರು ನುಂಗುವ ಆ ಮಾತ್ರೆ ನೊರೆಥಿಸ್ಟೆರಾನ್. ಅದೂ ಪ್ರೊಜೆಸ್ಟಿನ್, ಅಂತರಾದ ದಾಯಾದಿ. ದಿನಕ್ಕೆ ಮೂರು ಹೊತ್ತು 5 ಮಿಲಿಗ್ರಾಂ, ಡೇಟಿಗೆ ಮೂರು ದಿನ ಮೊದಲೇ ಶುರು. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು. ಆ ಪ್ರಮಾಣದಲ್ಲಿ ಅದರ ಒಂದಂಶ ದೇಹದೊಳಗೆ ಈಸ್ಟ್ರೊಜೆನ್ ಆಗಿ ಬದಲಾಗುತ್ತದೆ, ದಿನದ ಗರ್ಭನಿರೋಧಕ ಮಾತ್ರೆಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುವ ಹಾರ್ಮೋನು ಅದೇ. ಅಂದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ಚರಿತ್ರೆ ಇದ್ದು ಗರ್ಭನಿರೋಧಕ ಮಾತ್ರೆ ಬೇಡ ಎನಿಸಿಕೊಂಡವರಿಗೆ ಇದೂ ಬೇಡ. ಹೀಗೆ ಮುಂದೂಡಲು ನುಂಗಿದರೆ ಗರ್ಭ ತಡೆಯುತ್ತದೆ ಎಂದು ನಂಬುವಂತೆಯೂ ಇಲ್ಲ. ಆದರೂ ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಕೇಳಿದರೂ ಸಿಕ್ಕಿಬಿಡುತ್ತದೆ. ದೇವರ ಕೆಲಸಕ್ಕಾದರೆ ಹಾರ್ಮೋನಿನ ಭಯವಿಲ್ಲ, ಸೊಸೆ ಎರಡು ವರ್ಷ ಬಸಿರು ತಡೆಯುವುದಕ್ಕಾದರೆ ಭಯ.

ಇನ್ನು ದಿನದ ಗರ್ಭನಿರೋಧಕ ಮಾತ್ರೆ. ಮಾಲಾ-ಎನ್ ಪಟ್ಟಿಯಲ್ಲಿ 21 ಹಾರ್ಮೋನು, 7 ಕಬ್ಬಿಣದ ಮಾತ್ರೆ. ಬಣ್ಣ ಬೇರೆ ಎಂದು ಕಬ್ಬಿಣದ್ದನ್ನು ಎಸೆದು, ಮುಂದಿನ ಪಟ್ಟಿ ಯಾವಾಗ ಶುರು ಮಾಡಬೇಕೆಂದು ಲೆಕ್ಕ ತಪ್ಪಿ ಬಸಿರಾಗಿ ಬಂದವರಿದ್ದಾರೆ. ವಾಕರಿಕೆ ಎನ್ನುವವರನ್ನು ಕೇಳಿ ನೋಡಿದರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕಾಫಿ ಜತೆ ನುಂಗಿರುತ್ತಾರೆ. ರಾತ್ರಿ ಊಟದ ಮೇಲೆ ನುಂಗಿದರೆ ಅರ್ಧ ದೂರು ಅಲ್ಲಿಗೇ ನಿಲ್ಲುತ್ತದೆ. ಮೊದಲ ಮೂರು ತಿಂಗಳ ಮೊಲೆನೋವು, ನಡುನಡುವಿನ ಕಲೆ ಹೆಚ್ಚಿನವರಲ್ಲಿ ತಾನಾಗಿ ಕಡಿಮೆಯಾಗುತ್ತದೆ.

ತಾನಾಗಿ ಕಡಿಮೆಯಾಗಲಿ ಎಂದು ಕಾಯಬಾರದವು ಬೇರೆ ಇವೆ. ಒಂದೇ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಎದೆನೋವು ಅಥವಾ ಉಸಿರು ಕಟ್ಟುವುದು, ಕಣ್ಣೆದುರು ಅಂಕುಡೊಂಕು ಬೆಳಕು ಮಿನುಗಿ ಹಿಂದೆಯೇ ಬರುವ ಅರೆತಲೆನೋವು. ಇವುಗಳಲ್ಲಿ ಯಾವುದು ಕಂಡರೂ ಅಂದೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಬರಬೇಕು. ಹೆಪ್ಪುಗಟ್ಟುವ ಅಪಾಯ ನಿಜ, ಆದರೆ ಅಳತೆಯೂ ಗೊತ್ತಿರಲಿ. ಮಾತ್ರೆ ನುಂಗದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2, ಮಾಲಾ-ಎನ್ ಬಗೆಯ ಮಾತ್ರೆಯಲ್ಲಿ 5ರಿಂದ 7, ಪಿಸಿಓಡಿಗೆಂದು ಹುಡುಗಿಯರಿಗೆ ಬರೆದುಕೊಡುವ ಡ್ರೊಸ್ಪಿರೆನೋನ್ ಇರುವ ಮಾತ್ರೆಯಲ್ಲಿ 9ರಿಂದ 12. ಗರ್ಭಿಣಿ, ಬಾಣಂತಿಯರಲ್ಲಿ ಇದಕ್ಕಿಂತ ಹೆಚ್ಚು. ಬಿಪಿ ನೋಡದೆ ಈ ಮಾತ್ರೆ ಬರೆಯಕೂಡದು. ಟಿಬಿಗೆ ರಿಫಾಂಪಿಸಿನ್ ನುಂಗುತ್ತಿರುವವರಿಗೆ ಇದು ಕೈಕೊಡಬಹುದು, ಅವರಿಗೆ ಬೇರೆ ದಾರಿ ಹುಡುಕಬೇಕು.

ಮನಸ್ಸಿನ ಮಾತನ್ನು ನಾವು ವೈದ್ಯರು ಬಹಳ ಕಾಲ ಕಿವಿಗೆ ಹಾಕಿಕೊಳ್ಳಲಿಲ್ಲ. 1956ರಲ್ಲಿ ಪೋರ್ಟೊ ರಿಕೊದಲ್ಲಿ ಮಾತ್ರೆಯ ಮೊದಲ ದೊಡ್ಡ ಪ್ರಯೋಗ ನಡೆದಾಗ, ಅದನ್ನು ನೋಡಿಕೊಂಡ ಡಾ. ಎಡ್ರಿಸ್ ರೈಸ್-ರೇ, ಶೇ. 17ರಷ್ಟು ಹೆಂಗಸರಿಗೆ ತಲೆಸುತ್ತು, ವಾಂತಿ, ತಲೆನೋವು ಬರುತ್ತಿದೆ, ಇಷ್ಟು ತೊಂದರೆಯಿದ್ದರೆ ಒಪ್ಪಲಾಗದು ಎಂದು ವರದಿ ಕೊಟ್ಟರು. ಮೇಲಿದ್ದ ಗಂಡಸರು ಅದನ್ನು ಮನಸ್ಸಿನ ಕಲ್ಪನೆ ಎಂದು ತಳ್ಳಿಹಾಕಿದರು. ಆಗಿನ ಮಾತ್ರೆಯಲ್ಲಿ ಈಸ್ಟ್ರೊಜೆನ್ 150 ಮೈಕ್ರೋಗ್ರಾಂ, ಇಂದಿನ ಮಾಲಾ-ಎನ್‌ನಲ್ಲಿ 30. ಅರವತ್ತು ವರ್ಷದ ನಂತರ, 2016ರಲ್ಲಿ, ಡೆನ್ಮಾರ್ಕಿನ ಹತ್ತು ಲಕ್ಷಕ್ಕೂ ಹೆಚ್ಚು ಹೆಂಗಸರ ದಾಖಲೆ ಜಾಲಾಡಿದಾಗ, ಹಾರ್ಮೋನು ಬಳಸುವವರಲ್ಲಿ ಖಿನ್ನತೆಯ ಔಷಧಿ ಶುರುಮಾಡುವವರು ಸ್ವಲ್ಪ ಹೆಚ್ಚು ಎಂದು ಕಂಡಿತು, ಹದಿಹರೆಯದವರಲ್ಲಿ ಇನ್ನೂ ಹೆಚ್ಚು. ಮಾತ್ರೆಯೇ ಕಾರಣ ಎಂದು ಅದು ಸಾಬೀತು ಮಾಡುವುದಿಲ್ಲ. ಆದರೂ 'ಸುಮ್ಮಸುಮ್ಮನೆ ಅಳು ಬರ್ತದೆ ಮೇಡಂ' ಎಂದವರಿಗೆ 'ಮನೆ ಟೆನ್ಷನ್ ಇರ್ಬೇಕು' ಎನ್ನುವುದನ್ನು ನಾನು ಬಿಟ್ಟಿದ್ದೇನೆ. ಬೇರೆ ವಿಧಾನ ಹಾಕಿ ಎರಡು ತಿಂಗಳು ನೋಡುತ್ತೇನೆ.

ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಹೊರಟಿತ್ತು. ಇಷ್ಟು ಹಳೆಯ ಚರಿತ್ರೆ ಇರುವ ರಾಜ್ಯದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಮದುವೆಯಾದ ಹೆಂಗಸರಲ್ಲಿ ಶೇ. 57ರಷ್ಟು ಮಂದಿ ಸಂತಾನಹರಣ ಆಪರೇಷನ್ ಮಾಡಿಸಿಕೊಂಡಿದ್ದರು. ಮಾತ್ರೆ, ಸೂಜಿಯ ಪಾಲು ತೀರಾ ಸಣ್ಣದು. ಮಾತ್ರೆ ಎರಡು ತಿಂಗಳು ನುಂಗಿ, ಏನೋ ಆಗಿ, ಕೇಳಿದರೆ 'ಅಡ್ಜಸ್ಟ್ ಆಗುತ್ತೆ' ಎಂಬ ಉತ್ತರ ಸಿಕ್ಕಿ ಬಿಟ್ಟವರು, ಮುಂದಿನ ಹೆರಿಗೆಯಲ್ಲಿ ನೇರ ಆಪರೇಷನ್ ಟೇಬಲ್ಲಿಗೆ ಬರುವುದನ್ನು ನಾನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ.

ಕ್ಯಾಲೆಂಡರ್ ತಂದಾಕೆಯ ಮುಂದೆ ಎಲ್ಲವನ್ನೂ ಇಟ್ಟೆ. ಇನ್ನೊಂದು ಸೂಜಿ ಕಾದು ನೋಡಬಹುದು, ಮುಟ್ಟೇ ನಿಲ್ಲಬಹುದು. ಛಾಯಾ ಮಾತ್ರೆ ಇದೆ, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದದ್ದು, ಅದರಲ್ಲಿ ಹಾರ್ಮೋನಿಲ್ಲ. ಆದರೆ ಮುಟ್ಟಿನ ಡೇಟು ಹಿಂದೆಮುಂದೆ ಆಗಬಹುದು. ವಂಕಿ, ಅಂದರೆ ಕಾಪರ್-ಟಿ, ಹಾಕಿದರೆ ಮೊದಲ ತಿಂಗಳುಗಳಲ್ಲಿ ರಕ್ತಸ್ರಾವ ಹೆಚ್ಚು, ಹೊಟ್ಟೆನೋವೂ ಬರಬಹುದು. ರಕ್ತಹೀನತೆ ಇರುವವರಿಗೆ ನಾನಾಗಿ ಸೂಚಿಸುವ ಮೊದಲ ಹೆಸರು ವಂಕಿಯಲ್ಲ, ಆಕೆಯ ಹಿಮೋಗ್ಲೋಬಿನ್ ಇದ್ದದ್ದು 10.4. ಅದನ್ನೂ ಹೇಳಿದೆ.

ಆಕೆ ಹಾಳೆಗಳನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. 'ವಂಕಿನೇ ಹಾಕಿ ಮೇಡಂ. ಜಾಸ್ತಿ ಹೋದ್ರೂ ಐದು ದಿನ ಅಂತ ಗೊತ್ತಿರುತ್ತಲ್ಲ. ಆರನೇ ದಿನ ತಲೆಗೆ ನೀರು ಹಾಕ್ಕೊಂಡು ಒಳಗೆ ಹೋಗ್ಬೋದು.'

ಮೂರು ತಿಂಗಳಿಗೆ ಕಬ್ಬಿಣದ ಮಾತ್ರೆ ಬರೆದುಕೊಟ್ಟೆ.